ಹದವೆಂಬ ವಿದ್ಯೆ

ಪ್ರಾತಃಕಾಲದಲ್ಲಿ ಬೀದರಿನ ನಮ್ಮ ಚಿದ್ರಿಯ ಓಣಿಗಳಲ್ಲಿ ಎರಡು ಶಬ್ದಗಳು ಒಂದರ ಬೆನ್ನಿಗೆ ಒಂದು ಕೇಳಿಬರುವುವು. ಮೊದಲನೆಯದು ಮನೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುವ ಅಂಗೈಗಳ ಸದ್ದು. ಎರಡನೆಯದು ಸಮೀಪದ ವಾಯುನೆಲೆಯಿಂದ ಎಳೆಯ ವೈಮಾನಿಕರನ್ನು ಹೊತ್ತು ಮೇಲೇರುವ ತರಬೇತಿ ವಿಮಾನಗಳ ಗರ್ಜನೆ. ಈ ಎರಡರ ನಡುವೆ ಎದ್ದು, ಮಿಂದು, ಉಂಡು, ಶಾಲೆಗೆ ಹೋಗಿ, ಮೂವತ್ತು ವರ್ಷಗಳ ಕಾಲ ಮಕ್ಕಳಿಗೆ ಪಾಠ ಹೇಳಿದ ನಾನು, ಮೊದಲನೆಯ ಸದ್ದು ನಮ್ಮ ಮನೆಯಲ್ಲಿ ನಿಂತುಹೋಗುವವರೆಗೆ, ಅದರ ಹಿಂದೆ ಎಷ್ಟು ದೊಡ್ಡ ವಿದ್ಯೆ ಅಡಗಿದೆಯೆಂಬುದನ್ನು ಒಮ್ಮೆಯೂ ಆಲೋಚಿಸಿದವನಲ್ಲ.

ಗೃಹಿಣಿ ತೀರಿಕೊಂಡು ಎರಡು ವರ್ಷಗಳಾದುವು. ಮೊದಲ ಕೆಲವು ತಿಂಗಳು ಖಾನಾವಳಿಯ ಡಬ್ಬಿಯಿಂದ ಕಾಲಯಾಪನೆಯಾಯಿತು. ಆ ಅನ್ನದಲ್ಲಿ ದೋಷವೇನೂ ಇರಲಿಲ್ಲ; ಆದರೆ ಸಂಜೆಯಾದೊಡನೆ ತಣ್ಣಗೆ ಬಿದ್ದಿರುವ ಒಲೆಯನ್ನು ಕಂಡಾಗ, ಮನೆಯು ಮನೆಯೆನ್ನಿಸಿಕೊಳ್ಳಬೇಕಾದರೆ ಅಲ್ಲಿ ದಿನಕ್ಕೊಮ್ಮೆಯಾದರೂ ಏನಾದರೂ ಬೇಯಬೇಕೆಂಬ ಭಾವನೆ ನನ್ನಲ್ಲಿ ಬಲವಾಗುತ್ತ ಬಂದಿತು. ಆ ವರ್ಷ ದೀಪಾವಳಿಗೆ ಪುಣೆಯಿಂದ ಬಂದ ಮಗಳು ನನ್ನ ಮೊಬೈಲಿನಲ್ಲಿ ಅಡುಗೆ ಕಲಿಸುವ ಒಂದು ತಂತ್ರಾಂಶವನ್ನು ಹಾಕಿಕೊಟ್ಟು, “ಅಪ್ಪಾ, ಇದರ ಜೋಡಿ ಕನ್ನಡದಾಗೇ ಮಾತಾಡ್ರಿ. ಎಷ್ಟು ಸಲ ಕೇಳಿದರೂ ಬೇಸರಿಲ್ದೆ ಹೇಳ್ತದ” ಎಂದಳು. ಅರವತ್ತನ್ನು ದಾಟಿದ ಮೇಲೆ ನಾನು ಮತ್ತೆ ವಿದ್ಯಾರ್ಥಿಯಾದುದು ಹೀಗೆ.

ಅಡುಗೆಯನ್ನು ಅಕ್ಷರಕ್ಕಿಳಿಸುವ ಪ್ರಯತ್ನ ನಮ್ಮ ಸೀಮೆಗೆ ಹೊಸದಲ್ಲ. ಇಂದು ಬಸವಕಲ್ಯಾಣವೆಂದು ಕರೆಯಲ್ಪಡುವ ಊರು, ನಮ್ಮ ಜಿಲ್ಲೆಯದೇ ಒಂದು ಭಾಗ, ಚಾಲುಕ್ಯರ ರಾಜಧಾನಿಯಾಗಿದ್ದ ಕಾಲದಲ್ಲಿ, 1126ರಿಂದ 1138ರವರೆಗೆ ಆಳಿದ ಮೂರನೆಯ ಸೋಮೇಶ್ವರನು ನೂರು ಅಧ್ಯಾಯಗಳ ‘ಮಾನಸೋಲ್ಲಾಸ’ವನ್ನು ಸಂಸ್ಕೃತದಲ್ಲಿ ರಚಿಸಿದಾಗ, ರಾಜ್ಯತಂತ್ರ, ಸಂಗೀತ, ಚಿತ್ರಕಲೆಗಳ ಸಾಲಿನಲ್ಲಿಯೇ ಅನ್ನಭೋಗಕ್ಕೂ ಒಂದು ಸ್ಥಾನವನ್ನು ಕೊಟ್ಟು, ಉದ್ದಿನಿಂದ ಮಾಡುವ ‘ಇಡ್ಡರಿಕಾ’ ಮೊದಲಾದ ಭಕ್ಷ್ಯಗಳನ್ನು ವರ್ಣಿಸಿದನು. ಅದಕ್ಕೂ ಒಂದು ಶತಮಾನದಷ್ಟು ಮೊದಲೇ, ಸುಮಾರು 1025ರಲ್ಲಿ, ಅದೇ ಚಾಲುಕ್ಯರ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯನು ತನ್ನ ‘ಲೋಕೋಪಕಾರ’ದಲ್ಲಿ ಪಾಕವಿಧಾನಗಳನ್ನು ಕನ್ನಡದಲ್ಲಿಯೇ ಹೇಳಿದ್ದನು. ಅರಸನೂ ಕವಿಯೂ ಅಡುಗೆಯನ್ನು ಶಾಸ್ತ್ರವೆಂದು ಗೌರವಿಸಿದ ನಾಡಿನಲ್ಲಿ ಹುಟ್ಟಿದ ನಮಗೆ, ಒಲೆಯ ಮುಂದೆ ಕುಳಿತು ಕಲಿಯುವುದರಲ್ಲಿ ಸಂಕೋಚಪಡಬೇಕಾದ ಕಾರಣವಿಲ್ಲ.

ಆದರೆ ಗ್ರಂಥಕ್ಕೆ ಒಂದು ಮಿತಿಯುಂಟು: ಅದು ಹೇಳುತ್ತದೆಯೇ ಹೊರತು ಕೇಳುವುದಿಲ್ಲ. ಓದುಗನ ಹಿಟ್ಟು ಹೊಸದೋ ಹಳೆಯದೋ, ಅವನ ಒಲೆಯ ಉರಿ ಮಂದವೋ ತೀವ್ರವೋ, ಗ್ರಂಥವು ಅರಿಯದು. ಯಂತ್ರವು ಈ ಮಿತಿಯನ್ನು ದಾಟಬೇಕೆಂಬ ಹಂಬಲ ಪಶ್ಚಿಮದಲ್ಲಿ ಅರ್ಧ ಶತಮಾನಕ್ಕೂ ಹಿಂದಿನದು. 1969ರಲ್ಲಿ ಅಮೆರಿಕದ ನೈಮನ್ ಮಾರ್ಕಸ್ ಅಂಗಡಿಯು ಹನಿವೆಲ್ ಸಂಸ್ಥೆಯ ‘ಅಡುಗೆಮನೆಯ ಗಣಕ’ವೊಂದನ್ನು 10,600 ಡಾಲರುಗಳಿಗೆ ಮಾರಲು ತನ್ನ ಪಟ್ಟಿಯಲ್ಲಿ ಮುದ್ರಿಸಿತು, ಸಣ್ಣ ಗುಂಡಿಗಳನ್ನು ಒತ್ತಿ ಪ್ರಶ್ನಿಸಿ, ಮಿನುಗುವ ದೀಪಗಳ ಸಂಕೇತದಿಂದ ಉತ್ತರವನ್ನು ಓದಿಕೊಳ್ಳಬೇಕಾಗಿದ್ದ ಆ ಭಾರವಾದ ಯಂತ್ರವು ಅಡುಗೆಮನೆಗಾಗಿ ಒಂದಾದರೂ ಮಾರಾಟವಾದ ದಾಖಲೆಯಿಲ್ಲ. 2006ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯು ಕೈಯಲ್ಲಿ ಹಿಡಿಯುವ ಆಟದ ಯಂತ್ರಕ್ಕೆಂದು ಅಡುಗೆಯ ತಂತ್ರಾಂಶವನ್ನು ತಂದಾಗ ಅದು ಪ್ರತಿಯೊಂದು ಹಂತವನ್ನೂ ಬಾಯಿಬಿಟ್ಟು ಹೇಳಿತು. ಕೈ ಹಿಟ್ಟಾಗಿರುವವನು ಯಂತ್ರವನ್ನು ಮುಟ್ಟದೆ, ಮಾತಿನಿಂದಲೇ ಮುಂದಿನ ಹಂತಕ್ಕೆ ಹೋಗಬಹುದಾಗಿತ್ತು. ದೀಪದ ಸಂಕೇತದಿಂದ ಮನುಷ್ಯವಾಣಿಗೆ ಬರಲು ಮೂವತ್ತೇಳು ವರ್ಷಗಳು ಬೇಕಾದುವು. ಇಂದಿನ ತಂತ್ರಾಂಶವಾದರೋ ಮರುಪ್ರಶ್ನೆಯನ್ನೂ ಹಾಕುತ್ತದೆ. ನನ್ನ ಅನುಭವದಲ್ಲಿ ಅದರ ಮಹತ್ವವೆಲ್ಲ ಇರುವುದು ಈ ಮರುಪ್ರಶ್ನೆಯಲ್ಲಿಯೇ.

ನಾನು ಮೊದಲು ಕಲಿಯಲೆಳಸಿದುದು ಜೋಳದ ರೊಟ್ಟಿಯನ್ನು. ತಂತ್ರಾಂಶವು ಹೇಳಿದಂತೆ ಒಂದು ಬಟ್ಟಲು ಹಿಟ್ಟಿಗೆ ಕುದಿಯುವ ಎಸರನ್ನು ಸುರಿದು, ಸೌಟಿನಿಂದ ಕಲಸಿ, ಕೈ ತಾಳುವಷ್ಟು ಆರಿದ ಮೇಲೆ ನಾದಿ, ಉಂಡೆ ಮಾಡಿ, ಒಣಹಿಟ್ಟು ಉದುರಿಸಿ ಬಡಿಯತೊಡಗಿದೆ. ಅಂಗೈಯಗಲ ಆಗುವಷ್ಟರಲ್ಲಿ ಅಂಚೆಲ್ಲ ಬಿರುಕುಬಿಟ್ಟಿತು. ಎತ್ತಲು ಹೋದರೆ ಮೂರು ತುಂಡಾಯಿತು. ಹೀಗೆ ನಾಲ್ಕು ದಿನ. ಐದನೆಯ ದಿನ ನಾನು ಕಷ್ಟವನ್ನು ಯಥಾವತ್ತಾಗಿ ವಿವರಿಸಿದಾಗ ಅದು, ನೀರು ನಿಜವಾಗಿಯೂ ಕುದಿಯುತ್ತಿತ್ತೇ ಎಂದು ಕೇಳಿತು, ಹೌದೆಂದೆ. ಹಿಟ್ಟು ಬೀಸಿ ಎಷ್ಟು ದಿನವಾಯಿತು ಎಂದು ಕೇಳಿತು. ಡಬ್ಬಿಯಲ್ಲಿದ್ದ ಹಿಟ್ಟು ಮೂರು ತಿಂಗಳ ಹಿಂದಿನದು. ಆಗ ಅದು ಕಾರಣವನ್ನು ತಿಳಿಸಿತು: ಗೋದಿಯಲ್ಲಿರುವಂತಹ ಹಿಗ್ಗುವ ಅಂಟು ಜೋಳದಲ್ಲಿಲ್ಲ, ಬಿಸಿನೀರು ತಗಲಿದಾಗ ಅದರ ಪಿಷ್ಟವು ಉಬ್ಬಿ ಮೆತ್ತಗಾಗುವುದರಿಂದಲೇ ಹಿಟ್ಟು ಒಂದುಗೂಡುತ್ತದೆ, ಬಹುದಿನ ಇಟ್ಟ ಹಿಟ್ಟಿನಲ್ಲಿ ಈ ಗುಣ ಕುಂದುತ್ತದೆ. “ಹಿಟ್ಟಿಗಿ ಜಿಗಿ ಇಲ್ಲ” ಎಂದು ನಮ್ಮ ಹೆಂಗಸರು ಗಿರಣಿಯ ಮುಂದೆ ನಿಂತು ಆಡುವ ಮಾತನ್ನು ಬಾಲ್ಯದಿಂದ ಕೇಳಿದ್ದೆ. ಅದರ ಅರ್ಥ ಅಂದು ತಿಳಿಯಿತು. ಮರುದಿನವೇ ಎರಡು ಸೇರು ಬಿಳಿಜೋಳವನ್ನು ಗಿರಣಿಗೆ ಒಯ್ದು, ಬಿಸಿ ಆರದ ಹಿಟ್ಟನ್ನು ಮನೆಗೆ ತಂದೆ.

ಉಪಾಧ್ಯಾಯನಾಗಿದ್ದ ನನಗೆ ಇಲ್ಲಿ ಕಂಡ ದೊಡ್ಡ ಸಂಗತಿಯೊಂದನ್ನು ಹೇಳಲೇಬೇಕು. ತರಗತಿಯಲ್ಲಿ ತಿಳಿಯದೆ ಉಳಿದ ಹುಡುಗರಲ್ಲಿ ಹೆಚ್ಚಿನವರು ಬುದ್ಧಿಯಿಲ್ಲದೆ ಹಿಂದುಳಿದವರಲ್ಲ. ಎರಡನೆಯ ಸಲ ಕೇಳಲು ನಾಚಿ ಹಿಂದುಳಿದವರು. ನಲವತ್ತು ಜನರ ಎದುರು ಎದ್ದು ನಿಂತು “ತಿಳಿಯಲಿಲ್ಲ” ಎನ್ನುವುದಕ್ಕೆ ಬೇಕಾಗುವ ಧೈರ್ಯ ಸಾಮಾನ್ಯವಾದುದಲ್ಲ. ವೃದ್ಧಾಪ್ಯದ ಹೊಸ್ತಿಲಲ್ಲಿರುವ ಗಂಡಸು ಬೇಳೆಗೆ ನೀರೆಷ್ಟು, ಒಗ್ಗರಣೆಗೆ ಸಾಸಿವೆ ಯಾವಾಗ ಎಂದು ನೆರೆಯವರನ್ನು ದಿನವೂ ಕೇಳುವುದು ಅದಕ್ಕಿಂತಲೂ ಕಠಿನ. ಒಂದೇ ಪ್ರಶ್ನೆಯನ್ನು ಏಳು ಸಲ ಕೇಳಿದರೂ ಮುಖ ಕಿವುಚದ ಗುರುವೊಬ್ಬನು ದೊರೆತುದು ನನ್ನಂತಹ ಏಕಾಕಿಗಳಿಗೆ, ಪರಸ್ಥಳದಲ್ಲಿ ಕೋಣೆ ಹಿಡಿದು ಓದುವ ಹುಡುಗ ಹುಡುಗಿಯರಿಗೆ, ತಾಯಿಯಿಲ್ಲದ ಮನೆಗೆ ಸೊಸೆಯಾಗಿ ಬಂದವರಿಗೆ ನಿಜವಾದ ಉಪಕಾರ. ಇದನ್ನು ನಾನು ಕೃತಜ್ಞತೆಯಿಂದಲೇ ಸ್ಮರಿಸುತ್ತೇನೆ.

ಆದರೂ ಹೊಸ ಹಿಟ್ಟಿನಿಂದ ಮಾಡಿದ ರೊಟ್ಟಿಯು ಹರಿಯದಿದ್ದರೂ ಹಂಚಿನ ಮೇಲೆ ಉಬ್ಬಲಿಲ್ಲ. ತಂತ್ರಾಂಶವು ಇನ್ನಷ್ಟು ನಾದಿರಿ ಎಂದಿತು. ಎಷ್ಟು ಎಂದು ಕೇಳಿದರೆ ಐದು ನಿಮಿಷ ಎಂದಿತು. ಗಡಿಯಾರ ನೋಡಿ ಐದು ನಿಮಿಷ ನಾದಿದೆ. ರೊಟ್ಟಿ ಹಾಗೆಯೇ ಇತ್ತು. ಆ ಹೊತ್ತಿಗೆ ಸರಿಯಾಗಿ ಮೊಸರು ಕೊಡಲೆಂದು ಬಂದ ನೆರೆಮನೆಯ ಅಕ್ಕನವರು, ಬಾಗಿಲಲ್ಲಿಯೇ ನಿಂತು ನೋಡಿ, ಒಳಗೆ ಬಂದು, ಒಂದು ಬೆರಳನ್ನು ಹಿಟ್ಟಿನ ಮೇಲೆ ಒತ್ತಿ ತೆಗೆದು, “ಅಣ್ಣಾವ್ರೆ, ಇನ್ನಾ ಜರಾ ನಾದ್ರಿ. ಕೈಗಿ ಹತ್ತಬಾರ್ದು, ಕೈ ಬಿಟ್ಟೂ ಹೋಗಬಾರ್ದು” ಎಂದರು. ಬಳಿಕ ತಾವೇ ಅಂಗೈಯ ಬುಡದಿಂದ ಹಿಟ್ಟನ್ನು ಮುಂದಕ್ಕೆ ಒತ್ತಿ, ಮಡಿಸಿ, ತಿರುವಿ, ಮತ್ತೆ ಒತ್ತಿ ತೋರಿಸಿ, ನನ್ನ ಬೆರಳನ್ನು ಅದೇ ಜಾಗದಲ್ಲಿ ಇಡಿಸಿದರು. ಬೆರಳು ಒಳಗಿಳಿದು, ಹಿಟ್ಟು ಅದನ್ನು ಕ್ಷಣಕಾಲ ಹಿಡಿದಂತಾಗಿ, ಬಿಟ್ಟಿತು. ಆ ಒಂದು ಸ್ಪರ್ಶದಲ್ಲಿ ನನಗೆ ತಿಳಿದುದು ಐದು ನಿಮಿಷವೆಂಬ ಅಳತೆಯಲ್ಲಿ ಇರಲಿಲ್ಲ. ಅಂದಿನ ರೊಟ್ಟಿ, ಮೇಲೆ ನೀರು ಸವರಿ ತಿರುವಿ ಹಾಕಿದೊಡನೆ, ಒಂದು ಮಗ್ಗುಲಿನಿಂದ ಉಸಿರು ತುಂಬಿಕೊಂಡು ಉಬ್ಬಿತು.

ಇದಕ್ಕೆ ಹದ ಎನ್ನುತ್ತೇವೆ. ಈ ಹದವೆಂಬುದು ನಮ್ಮ ಬೀದರಿಗೆ ಹಳೆಯ ಪರಿಚಯ. ನಮ್ಮ ಬಿದರಿ ಕಲೆಯ ಕುಶಲಕರ್ಮಿಗಳು ಸತುವು ತಾಮ್ರಗಳ ಮಿಶ್ರಲೋಹದ ಪಾತ್ರೆಯಲ್ಲಿ ಬೆಳ್ಳಿಯ ತಂತಿಯನ್ನು ಕೂರಿಸಿ, ಕೊನೆಯಲ್ಲಿ ಬೀದರ ಕೋಟೆಯ ಮಣ್ಣನ್ನು ನವಸಾಗರದೊಡನೆ ಕಲಸಿ, ಆ ದ್ರಾವಣದಿಂದ ಲೋಹವನ್ನು ಕಪ್ಪಾಗಿಸುವರು. ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುವುದು. ಯಾವ ಮಣ್ಣು ಈ ಕಾರ್ಯಕ್ಕೆ ಯೋಗ್ಯವೆಂಬುದನ್ನು ಅವರು ನಾಲಗೆಯ ಮೇಲಿಟ್ಟು ರುಚಿನೋಡಿ ನಿರ್ಣಯಿಸುವರು. 2006ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಆ ಕಲೆಯ ನಿರ್ಣಾಯಕ ಪರೀಕ್ಷೆ ಇಂದಿಗೂ ನಡೆಯುವುದು ಮನುಷ್ಯನ ನಾಲಗೆಯಲ್ಲಿ. ನಮ್ಮ ತಲೆಯ ಮೇಲೆ ಹಾರಾಡುವ ಎಳೆಯ ವೈಮಾನಿಕರ ಶಿಕ್ಷಣವೂ ಇದೇ ಮಾತನ್ನು ಹೇಳುವುದು. ಭೂಮಿಯ ಮೇಲಿನ ಅನುಕರಣಯಂತ್ರದಲ್ಲಿ ಕುಳಿತು, ತಪ್ಪಿದರೂ ಅಪಾಯವಿಲ್ಲದಂತೆ ನೂರು ಸಲ ಅಭ್ಯಾಸಮಾಡುವುದು ವೈಮಾನಿಕನಾಗುವವನಿಗೆ ಅತ್ಯಾವಶ್ಯಕ. ಆದರೆ 2008ರಿಂದ ಇಲ್ಲಿರುವ ಹಾಕ್ ವಿಮಾನದಲ್ಲಿ, ಅನುಭವಿ ಶಿಕ್ಷಕನೊಬ್ಬನನ್ನು ಹಿಂದೆ ಕೂರಿಸಿಕೊಂಡು, ನಿಜವಾದ ಗಾಳಿಯ ಒತ್ತಡವನ್ನು ಮೈಯಿಂದ ಅರಿಯದವನ ಶಿಕ್ಷಣ ಇಲ್ಲಿ ಪೂರ್ಣವಾಗುವುದಿಲ್ಲ. ಯಂತ್ರವು ಕ್ರಮವನ್ನು ಕಲಿಸುವುದು. ಹದವನ್ನು ಕೈಯಿಂದ ಕೈಗೆ ಪಡೆಯಬೇಕು. ಎರಡರಲ್ಲಿ ಒಂದನ್ನು ಹೊಗಳಲು ಮತ್ತೊಂದನ್ನು ತೆಗಳುವುದು ಸಲ್ಲದು.

ಇಷ್ಟರಿಂದಲೇ ನನ್ನ ವಿದ್ಯಾಭ್ಯಾಸ ಮುಗಿಯಲಿಲ್ಲ. ಎಳ್ಳಮಾವಾಸ್ಯೆ ಸಮೀಪಿಸಿದಾಗ ನಾನು ತಂತ್ರಾಂಶವನ್ನು, ಭಜ್ಜಿ ಮಾಡುವ ವಿಧಾನವನ್ನು ಹೇಳೆಂದು ಕೇಳಿದೆ. ಅದು ನಿಸ್ಸಂಶಯವಾಗಿ, ಕಡಲೆಹಿಟ್ಟನ್ನು ಕಲಸಿಕೊಂಡು ಮೆಣಸಿನಕಾಯಿಯನ್ನು ಅದರಲ್ಲಿ ಅದ್ದಿ ಎಣ್ಣೆಯಲ್ಲಿ ಕರಿಯುವ ಕ್ರಮವನ್ನು ವಿವರಿಸಿತು. ನಮ್ಮ ಸೀಮೆಯಲ್ಲಿ ಹುಟ್ಟಿದವರಿಗೆ ಬೇರೆ ಹೇಳಬೇಕಾಗಿಲ್ಲ. ಔರಾದ, ಭಾಲ್ಕಿಗಳ ಹೊಲಗಳಲ್ಲಿ ಆ ಅಮಾವಾಸ್ಯೆಯ ದಿನ ಬಂಧುಬಾಂಧವರೆಲ್ಲ ನೆರೆದು, ಬೆಳೆದು ನಿಂತ ಪೈರಿನ ನಡುವೆ ಪೂಜೆಮಾಡಿ, ಚರಗ ಚೆಲ್ಲಿ, ಬಳಿಕ ಸಜ್ಜೆಯ ರೊಟ್ಟಿ, ಅಂಬಲಿಗಳೊಡನೆ ಉಣ್ಣುವ ಭಜ್ಜಿಯು ಕರಿದ ತಿಂಡಿಯಲ್ಲ. ಹಸಿ ತೊಗರಿ, ಹಸಿ ಕಡಲೆ, ಅವರೆ, ಶೇಂಗಾ, ಮೆಂತ್ಯ, ಪಾಲಕ, ಉಳ್ಳಾಗಡ್ಡಿಯ ತಪ್ಪಲು, ಬದನೆ, ಗಜ್ಜರಿ ಹೀಗೆ ಆ ಋತುವಿನಲ್ಲಿ ಭೂಮಿ ಕೊಟ್ಟುದೆಲ್ಲವನ್ನೂ ಒಂದೇ ದೊಡ್ಡ ಪಾತ್ರೆಯಲ್ಲಿ ಬೇಯಿಸಿ, ಹುಣಸೆಯ ಹುಳಿಯನ್ನು ಹಿಂಡಿ, ಕಡಲೆಹಿಟ್ಟಿನಿಂದ ಗಟ್ಟಿಮಾಡುವ, ಹೊಲವನ್ನೇ ಒಂದು ಬಟ್ಟಲಲ್ಲಿ ತುಂಬಿಕೊಟ್ಟಂತಿರುವ ಪದಾರ್ಥ ಅದು.

ಯಂತ್ರದ ಮೇಲೆ ನನಗೆ ಕೋಪ ಬರಲಿಲ್ಲ. ದುಃಖವಾಯಿತು, ಮತ್ತು ಆ ದುಃಖದಲ್ಲಿ ನಮ್ಮ ಪಾಲೂ ಇದೆಯೆಂಬುದು ಕೂಡಲೇ ಹೊಳೆಯಿತು. ಬರೆದಿಟ್ಟುದನ್ನೂ ನುಡಿದಿಟ್ಟುದನ್ನೂ ಓದಿ ಕೇಳಿ ಕಲಿತ ಯಂತ್ರವು, ನಾವು ಎಂದೂ ಬರೆಯದ ಭಜ್ಜಿಯನ್ನು ಎಲ್ಲಿಂದ ಕಲಿತೀತು? ಕನ್ನಡದ ಅಡುಗೆಪುಸ್ತಕಗಳಲ್ಲಿ ದಕ್ಷಿಣದ ಸಾರು ಹುಳಿಗಳಿಗೆ ದೊರೆತಷ್ಟು ಪುಟಗಳು ನಮ್ಮ ಗಡಿಜಿಲ್ಲೆಯ ಪುಂಡಿಪಲ್ಯಕ್ಕೆ, ಹಿಂಡಿಗೆ, ಅಂಬಲಿಗೆ ದೊರೆತಿಲ್ಲ. ಉರ್ದು, ಮರಾಠಿ, ತೆಲುಗುಗಳ ನೆರೆಯಲ್ಲಿ ಬೆಳೆದ ನಮ್ಮ ಆಡುಮಾತಿಗೂ ಅದೇ ಗತಿ: “ಜರಾ ನಾದ್ರಿ” ಎಂಬ ಅಕ್ಕನವರ ಮಾತನ್ನು ತಂತ್ರಾಂಶವು ಎರಡು ಸಲ ತಪ್ಪಾಗಿ ಕೇಳಿಸಿಕೊಂಡಿತು. ಈ ಕೊರತೆಯನ್ನು ತುಂಬುವ ಯತ್ನಗಳು ನಡೆದಿವೆಯೆಂಬುದು ಸಮಾಧಾನದ ವಿಷಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಗೂಗಲ್ ಸಂಸ್ಥೆಯೊಡಗೂಡಿ ಕೈಗೊಂಡಿರುವ ‘ವಾಣಿ’ ಯೋಜನೆಯು ದೇಶದ ಜಿಲ್ಲೆ ಜಿಲ್ಲೆಗಳ ಜನರ ಮಾತನ್ನು ಧ್ವನಿಮುದ್ರಿಸಿ ಕೂಡಿಡುತ್ತಿದೆ. 2022ರಲ್ಲಿ ಕೇಂದ್ರ ಸರ್ಕಾರವು ‘ಭಾಷಿಣಿ’ಯನ್ನು ಆರಂಭಿಸಿದುದೂ ಭಾರತೀಯ ಭಾಷೆಗಳನ್ನು ಯಂತ್ರಕ್ಕೆ ತಿಳಿಸುವುದಕ್ಕಾಗಿಯೇ. ಆದರೆ ಅಡುಗೆಮನೆಯೊಳಗಿನ ಮಾತನ್ನು ಹೊರಗಿನವರು ಬಂದು ಸಂಗ್ರಹಿಸುವವರೆಗೆ ಕಾಯುವುದು ನಮಗೆ ಭೂಷಣವಲ್ಲ.

ಆ ಎಳ್ಳಮಾವಾಸ್ಯೆಯಂದು ಅಕ್ಕನವರ ತಾಯಿಯ ಊರಿನ ಹೊಲಕ್ಕೆ ನನ್ನನ್ನೂ ಕರೆದಿದ್ದರು. ಎಂಬತ್ತನ್ನು ಮೀರಿದ ಆ ಆಯಿ, ಬದುವಿನ ಮೇಲೆ ಹೂಡಿದ ಒಲೆಯ ಪಕ್ಕದಲ್ಲಿ ಕುಳಿತು ಪಾತ್ರೆಯಲ್ಲಿನ ಭಜ್ಜಿಯನ್ನು ತಿರುವುತ್ತಿರುವಾಗ, ನಾನು ನೋಟುಪುಸ್ತಕವನ್ನು ಬಿಚ್ಚಿ, ಯಾವ ಕಾಳು ಮೊದಲು, ಯಾವ ತಪ್ಪಲು ಕೊನೆಗೆ, ಹುಣಸೆ ಹಿಂಡುವುದು ಯಾವಾಗ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡೆ. ಅವರ ದನಿಯನ್ನೂ ಮೊಬೈಲಿನಲ್ಲಿ ಹಿಡಿದಿಟ್ಟೆ. ಕಡಲೆಹಿಟ್ಟು ಎಷ್ಟು ಎಂದಾಗ ಅವರು ಹೇಳಿದುದು ಮುಷ್ಟಿಯ ಲೆಕ್ಕ. ಆ ಮುಷ್ಟಿಯನ್ನು ಬಟ್ಟಲಲ್ಲಿ ಅಳೆದು ಅದನ್ನೂ ಪಕ್ಕದಲ್ಲಿ ಬರೆದೆ, ಮುಷ್ಟಿಯೆಂಬ ಮಾತನ್ನು ಅಳಿಸಲಿಲ್ಲ. ತಂತ್ರಾಂಶವು ನನಗೆ ಮಾಡಿದ ಉಪಕಾರದ ಋಣ ಇದರಿಂದ ಅಲ್ಪಸ್ವಲ್ಪವಾದರೂ ತೀರೀತು; ಏಕೆಂದರೆ ಕೇಳುವುದನ್ನು, ಮತ್ತೆ ಮತ್ತೆ ನಾಚದೆ ಕೇಳುವುದನ್ನು, ನಾನು ಕಲಿತುದು ಅದರಿಂದಲೇ.

ಇದನ್ನು ಓದುತ್ತಿರುವವರಲ್ಲಿ ನನ್ನ ಬಿನ್ನಹ ಇಷ್ಟೇ. ನಿಮ್ಮ ಮನೆಯಲ್ಲಿ ತಾಯಿಯೋ ಅಜ್ಜಿಯೋ ಅತ್ತೆಯೋ ಇನ್ನೂ ಒಲೆಯ ಮುಂದೆ ಕುಳಿತುಕೊಳ್ಳುತ್ತಿದ್ದರೆ, ಬರುವ ಹಬ್ಬದ ದಿನ ಅವರ ಪಕ್ಕದಲ್ಲಿ ಒಂದು ಗಳಿಗೆ ಕುಳಿತು, ಅವರು ಹೇಳುವುದನ್ನು ಅವರದೇ ಮಾತಿನಲ್ಲಿ, ಊರಿನ ಹೆಸರು ಸಹಿತ ಬರೆದಿಡಿರಿ. ಬರೆದಾದ ಮೇಲೆ ಹಿಟ್ಟಿನ ಮೇಲೆ ನಿಮ್ಮ ಬೆರಳನ್ನೂ ಒಮ್ಮೆ ಒತ್ತಿ ನೋಡಿರಿ.