ತವರದ ನಾಡಿನ ಯಂತ್ರಗಾನ

ಇಂಗ್ಲೆಂಡಿನ ಭೂಪಟವನ್ನು ಬಿಡಿಸಿ ನೋಡಿದರೆ ನೈಋತ್ಯ ದಿಕ್ಕಿನಲ್ಲಿ ಸಮುದ್ರದೊಳಕ್ಕೆ ಚಾಚಿದ ಕಾಲಿನಂತೆ ಕಾಣುವ ಸೀಮೆಯೇ ಕಾರ್ನ್‌ವಾಲ್. ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಲ್ಲಿ ರೈಲು ಹತ್ತಿ, ಬ್ರುನೆಲ್ ಎಂಬ ಪ್ರಸಿದ್ಧ ಎಂಜಿನಿಯರು 1859ರಲ್ಲಿ ಮುಗಿಸಿದ ಕಬ್ಬಿಣದ ಸೇತುವೆಯ ಮೇಲೆ ಟೇಮರ್ ನದಿಯನ್ನು ದಾಟಿದರೆ ಆ ಸೀಮೆಯು ಮೊದಲಾಗುವುದು. ಅಲ್ಲಿಗೆ ಹೋಗುವವರಲ್ಲಿ ಬಹುಮಂದಿ ಕಡಲತೀರದ ವಿಹಾರಕ್ಕಾಗಿಯೇ ಹೋಗುವರು. ನಾವು ಹೋದುದಾದರೋ, ಒಂದು ಧ್ವನಿಮುದ್ರಿಕೆಯ ಕರ್ತೃವು ಬೆಳೆದ ನೆಲವನ್ನು ಕಾಣಬೇಕೆಂಬ ಕುತೂಹಲದಿಂದ. ಮುದ್ರಿಕೆಯ ಹೆಸರು 'ಡ್ರಕ್ಸ್'. 2001ನೆಯ ಅಕ್ಟೋಬರಿನಲ್ಲಿ ಹೊರಬಂದುದು. ಕರ್ತೃ ರಿಚರ್ಡ್ ಡಿ. ಜೇಮ್ಸ್, ಲೋಕವು ಅವರನ್ನು ಏಫೆಕ್ಸ್ ಟ್ವಿನ್ ಎಂಬ ಹೆಸರಿನಿಂದ ಬಲ್ಲದು.

ನಾವು ಇಳಿದ ಊರು ರೆಡ್‌ರೂತ್. ಆಂಗ್ಲರ ಕಿವಿಗೆ ಈ ಹೆಸರಿನ ಪೂರ್ವಾರ್ಧವು 'ಕೆಂಪು' ಎಂದು ಕೇಳಿಸುವುದು ಸಹಜ. ವಿನೋದವೇನೆಂದರೆ, ಕಾರ್ನಿಶ್ ಭಾಷೆಯಲ್ಲಿ ಪೂರ್ವಾರ್ಧಕ್ಕೆ ಹೊಳೆ ಹಾಯುವ ಸ್ಥಳವೆಂದು ಅರ್ಥ. ಕೆಂಪು ಇರುವುದು ಉತ್ತರಾರ್ಧದಲ್ಲಿ! ಒಂದು ನಾಡಿನ ಭಾಷೆ ಮರೆತುಹೋದ ಮೇಲೆ ಹೆಸರುಗಳು ಹೀಗೆ ಪರರ ಬಾಯಲ್ಲಿ ಬೇರೆ ಅರ್ಥವನ್ನು ತಾಳಿ ಕುಳಿತಿರುತ್ತವೆ.

ಊರಿನ ಪಕ್ಕದ ಕಾರ್ನ್ ಬ್ರೇ ಗುಡ್ಡವನ್ನು ಏರಿದೆವು. ನೆತ್ತಿಯ ಮೇಲೆ 90 ಅಡಿ ಎತ್ತರದ ಕಲ್ಲಿನ ಸ್ಮಾರಕಸ್ತಂಭ. ಸುತ್ತಲೂ ಕಣ್ಣು ಹಾಯಿಸಿದರೆ ಹೊಲಗಳ ನಡುವೆ ಅಲ್ಲಲ್ಲಿ ಮೂರಂತಸ್ತಿನ ಬೋಳು ಗೋಡೆಗಳು, ಪ್ರತಿಯೊಂದರ ಮೂಲೆಗೂ ಅಂಟಿಕೊಂಡ ಒಂದು ಹೊಗೆಗೊಳವೆ. ಇವು ತವರ ಮತ್ತು ತಾಮ್ರದ ಗಣಿಗಳಿಂದ ನೀರೆತ್ತುತ್ತಿದ್ದ ಉಗಿಯಂತ್ರಗಳ ಮನೆಗಳು. ಈಗ ಕಾಗೆಗಳ ಬಿಡಾರ. ಸೌತ್ ಕ್ರಾಫ್ಟಿ ಎಂಬ ಗಣಿಯೊಂದು ಕೊನೆಯವರೆಗೆ ನಡೆದು 1998ರಲ್ಲಿ ಮುಚ್ಚಿತು. ನಮ್ಮ ಕೋಲಾರದ ಚಿನ್ನದ ಗಣಿಗಳನ್ನು 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯವರು ವಹಿಸಿಕೊಂಡಾಗ ಅಲ್ಲಿಗೆ ಬಂದು ದುಡಿದವರಲ್ಲಿ ಈ ಸೀಮೆಯ ಗಣಿಗಾರರೂ ಇದ್ದರು. ಆ ಕೋಲಾರದ ಗಣಿಗಳೂ 2001ರ ಫೆಬ್ರವರಿಯಲ್ಲಿ ಮುಚ್ಚಿದುವು. ಅಂದರೆ ಈ ಮುದ್ರಿಕೆ ಹೊರಬಂದ ವರ್ಷವೇ.

ರೆಡ್‌ರೂತಿಗೆ ಸುಮಾರು ಎರಡು ಮೈಲಿ ದೂರದಲ್ಲಿ ಲ್ಯಾನರ್ ಎಂಬ ಹಳ್ಳಿ. 1971ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ಜೇಮ್ಸರು ಬೆಳೆದುದು ಇಲ್ಲಿ. ಹಳ್ಳಿಗೆ ಸೇರಿದಂತೆಯೇ ಟ್ರೆಸವೀನ್ ಎಂಬ ಹಳೆಯ ಗಣಿ. ಕಾರ್ನ್‌ವಾಲಿನ ಮೊತ್ತಮೊದಲ 'ಮ್ಯಾನ್ ಎಂಜಿನ್' 1842ರಲ್ಲಿ ಈ ಗಣಿಯಲ್ಲಿ ನಡೆಯಿತು. ಅದಕ್ಕೆ ಮುಂಚೆ ಆಳುಗಳು ನೂರಾರು ಅಡಿ ಆಳದಿಂದ ಏಣಿ ಹತ್ತಿಯೇ ಮೇಲೆ ಬರಬೇಕಾಗಿತ್ತು. ಹೊಸ ಯಂತ್ರವೆಂದರೆ ಗಣಿಯ ಬಾವಿಯೊಳಗೆ ಮೇಲಕ್ಕೂ ಕೆಳಕ್ಕೂ ಆಡುವ ಉದ್ದನೆಯ ಮರದ ದಂಡ. ಅದಕ್ಕೆ ಸಾಲಾಗಿ ಮೆಟ್ಟಿಲುಗಳು. ದಂಡವು ಮೇಲೇಳುವಾಗ ಆಳು ಅದರ ಮೆಟ್ಟಿಲ ಮೇಲೆ ನಿಲ್ಲಬೇಕು; ಕ್ಷಣಮಾತ್ರ ನಿಂತಾಗ ಪಕ್ಕದ ಹಲಗೆಗೆ ಕಾಲಿಡಬೇಕು; ಮತ್ತೆ ಏಳುವ ಮುನ್ನ ಮೇಲಿನ ಮೆಟ್ಟಿಲಿಗೆ ಹಿಂದಿರುಗಬೇಕು. ಕತ್ತಲಲ್ಲಿ, ಮೇಣದಬತ್ತಿಯ ಬೆಳಕಿನಲ್ಲಿ, ತಾಳ ತಪ್ಪದೆ! ಸಂಗೀತದಲ್ಲಿ ತಾಳ ತಪ್ಪಿದರೆ ಸಭೆ ನಕ್ಕೀತು. ಇಲ್ಲಿ ತಪ್ಪಿದರೆ ಪ್ರಾಣ ಹೋಗುತ್ತಿತ್ತು. ತಾಳ ತಪ್ಪದವನಿಗೂ ಅಭಯವಿರಲಿಲ್ಲ. ಪಡುವಣ ತೀರದ ಲೆವಾಂಟ್ ಗಣಿಯಲ್ಲಿ 1919ರಲ್ಲಿ ಇಂಥ ಯಂತ್ರವು ಮುರಿದುಬಿದ್ದು 31 ಮಂದಿ ಸತ್ತರು.

ಈ ಯಂತ್ರದ ಲಯವೇ ಜೇಮ್ಸರ ರಕ್ತದಲ್ಲಿ ಹರಿದುಬಂದಿತೆಂದು ಬರೆದರೆ ಓದಲು ಚೆನ್ನು; ಆದರೆ ಅದು ಕವಿಸಮಯವಾದೀತು. ಅವರ ತಾಳದ ಮೂಲವು ಬೇರೆ. 1969ರಲ್ಲಿ ಅಮೆರಿಕದ ವಿನ್‌ಸ್ಟನ್ಸ್ ಎಂಬ ಮೇಳದವರು ಮುದ್ರಿಸಿದ ಒಂದು ಹಾಡಿನ ನಡುವೆ ಆರೇಳು ಸೆಕೆಂಡುಗಳ ಬರಿಯ ಡ್ರಮ್ ವಾದನವಿದೆ. 1990ರ ಸುಮಾರಿಗೆ ಲಂಡನ್ನಿನ ತರುಣರು ಅದನ್ನು ಯಂತ್ರದಲ್ಲಿ ಹಿಡಿದು, ವೇಗ ಹೆಚ್ಚಿಸಿ, ಕತ್ತರಿಸಿ, ಹಿಂದುಮುಂದು ಜೋಡಿಸಿ ಹೊಸದೊಂದು ಸಂಗೀತವನ್ನು ಕಟ್ಟಿದರು. ಅದೇ 'ಡ್ರಮ್ ಅಂಡ್ ಬಾಸ್'. ಮೇಲೆ ನಿಮಿಷಕ್ಕೆ 160 ರಿಂದ 180 ಏಟುಗಳ ದ್ರುತಗತಿ. ಕೆಳಗೆ ಅದರ ಅರ್ಧ ವೇಗದಲ್ಲಿ ನಡೆಯುವ ಮಂದ್ರನಾದ. ತನಿ ಆವರ್ತನದಲ್ಲಿ ಒಂದೇ ತಾಳದೊಳಗೆ ಕಾಲಗಳು ಬದಲಾಗುವುದನ್ನು ಕೇಳಿದ ನಮ್ಮ ವಾಚಕರಿಗೆ ಇದು ತೀರ ಅಪರಿಚಿತವೆನಿಸಲಾರದು. ಮೂಲದ ಏಟುಗಳನ್ನು ಹೊಡೆದ ಗ್ರೆಗರಿ ಕೋಲ್ಮನ್ನರು ಮಾತ್ರ 2006ರಲ್ಲಿ ಬಡತನದಲ್ಲಿಯೇ ತೀರಿಕೊಂಡರು.

ಜೇಮ್ಸರು ಈ ಕತ್ತರಿಕೆಯನ್ನು ಇನ್ನೂ ಸೂಕ್ಷ್ಮವಾಗಿಸಿದರು. 'ಡ್ರಕ್ಸ್'ನಲ್ಲಿ 30 ರಚನೆಗಳು. ಕೇಳಿ ಮುಗಿಸಲು ಸುಮಾರು 100 ನಿಮಿಷ ಬೇಕು. ಒಂದರಲ್ಲಿ ತಾಳಗಳ ಬಿರುಮಳೆ. ಮುಂದಿನದರಲ್ಲಿ ಪಿಯಾನೋ ಒಂದೇ ಮೆಲ್ಲಗೆ ನುಡಿಯುವುದು. ಆ ಪಿಯಾನೋವನ್ನು ನುಡಿಸುವುದೂ ಬೆರಳಲ್ಲ, ಕಂಪ್ಯೂಟರಿನ ಆಜ್ಞೆ. ಕೆಲವೆಡೆ ತಂತಿಗಳ ನಡುವೆ ವಸ್ತುಗಳನ್ನು ಸಿಕ್ಕಿಸಿ ನಾದವನ್ನು ಗಂಟೆಯಂತೆ, ತಗಡಿನಂತೆ ಮಾಡಿದ್ದಾರೆ. ನಡುವೆ ತಂದೆತಾಯಿಗಳು ಟೆಲಿಫೋನಿನಲ್ಲಿ ಮಗನಿಗೆ ಹಾಡಿದ ಹುಟ್ಟುಹಬ್ಬದ ಹಾಡೂ ಇದೆ! ವಿಮಾರ್ಶಕರಲ್ಲಿ ಅನೇಕರು ಅಂದು ಇದನ್ನು ಗೊಂದಲದ ಗಂಟೆಂದು ತಳ್ಳಿದರು. ಪ್ರಕಟಿಸದ ರಚನೆಗಳಿದ್ದ ಸಾಧನವನ್ನು ವಿಮಾನದಲ್ಲಿ ಮರೆತುಬಂದುದರಿಂದ, ಅವು ಕಳ್ಳದಾರಿಯಲ್ಲಿ ಹರಡುವ ಮುನ್ನ ತಾವೇ ಹೊರತಂದುದಾಗಿ ಕರ್ತೃವೂ ಹೇಳಿದ್ದುಂಟು. ಇದು ನಿಂದಕರಿಗೆ ಇನ್ನಷ್ಟು ಅನುಕೂಲವಾಯಿತು.

ನಮ್ಮ ಅಭಿಪ್ರಾಯ ಬೇರೆ. ಹೆಸರುಗಳನ್ನು ನೋಡಿರಿ. ಮೊದಲ ರಚನೆ 'ಜಿನ್‌ವೈತೆಕ್ ಇಲೋ'. ಕಾರ್ನಿಶಿನಲ್ಲಿ ಯಂತ್ರಸಂಗೀತವೆಂದು ಅರ್ಥ. 'ಗ್ವೆಲಿ ಮೆರ್ನಾನ್ಸ್' ಎಂದರೆ ಮರಣಶಯ್ಯೆ. ಮತ್ತೊಂದರ ಅರ್ಥ, ಅವಳು ಕಣ್ಣೀರಿನ ಹೊಳೆ ಹರಿಸಿದಳು ಎಂದು. ಇದು ಯಾವ ಭಾಷೆ? ಅದನ್ನು ಬಲ್ಲ ಕೊನೆಯವಳೆಂದು ಜನರು ಹೇಳುವ ಡಾಲಿ ಪೆಂಟ್ರೀತ್ ಎಂಬ ಮೀನುಗಾರ್ತಿಯು 1777ರಲ್ಲಿ ತೀರಿಕೊಂಡಳು. 1904ರಲ್ಲಿ ಹೆನ್ರಿ ಜೆನ್ನರ್ ಎಂಬ ವಿದ್ವಾಂಸರು ಕೈಪಿಡಿಯೊಂದನ್ನು ಬರೆದು ಅದಕ್ಕೆ ಮರುಜೀವ ಕೊಡಲೆಳಸಿದರು. ಇಂಥ ಭಾಷೆಯ ಮಾತುಗಳನ್ನು ತನ್ನ ಕೃತಿಗಳ ನೆತ್ತಿಯ ಮೇಲೆ ಬರೆದವನು ಗೊಂದಲದಲ್ಲಿದ್ದನೆಂದು ನಾವು ನಂಬಲಾರೆವು. ಕಬ್ಬಿಣದ ಸದ್ದೂ ಅದು ನಿಂತ ಮೇಲಿನ ನಿಶ್ಶಬ್ದವೂ ಅಕ್ಕಪಕ್ಕ ಇರುವ ಈ ನಾಡಿನಲ್ಲಿ ನಿಂತು ಕೇಳಿದರೆ, ಬಿರುಮಳೆಯೂ ಪಿಯಾನೋವೂ ಒಂದೇ ಮುದ್ರಿಕೆಯಲ್ಲಿರುವುದು ವಿಚಿತ್ರವಾಗಿ ತೋರುವುದಿಲ್ಲ.

ಮುದ್ರಿಕೆಯ ಗತಿಯೂ ಭಾಷೆಯ ಗತಿಯಂತೆಯೇ ಆಯಿತು. 30ರಲ್ಲಿ ಒಂದು, 'ಆವ್ರಿಲ್ 14' ಎಂಬ ಎರಡು ನಿಮಿಷದ ಪಿಯಾನೋ ತುಣುಕು, ಲೋಕಪ್ರಿಯವಾಯಿತು. 2006ರಲ್ಲಿ ಚಲಚ್ಚಿತ್ರವೊಂದಕ್ಕೂ 2010ರಲ್ಲಿ ಅಮೆರಿಕದ ಕಾನ್ಯೆ ವೆಸ್ಟರ ಹಾಡಿಗೂ ಒದಗಿತು. ಅದನ್ನು ಬಲ್ಲವರು ಬಹುಮಂದಿ. ಅದರ ಮರುಕ್ಷಣವೇ ಮುದ್ರಿಕೆಯಲ್ಲಿ ಏನು ಬರುವುದೆಂದು ಕೇಳಿದರೆ ಸುಮ್ಮನಾಗುವರು.

ಬರುವುದು, ಎರಡು ದ್ವೀಪಗಳ ಹೆಸರನ್ನು ಒಟ್ಟಿಗೆ ಹೊತ್ತ ಎಂಟು ನಿಮಿಷದ ರಚನೆ. ಒಂದು ಫ್ರಾನ್ಸಿನ ಮೋಂ ಸೆಂ ಮಿಶೆಲ್, ಮತ್ತೊಂದು ಕಾರ್ನ್‌ವಾಲಿನ ಸೇಂಟ್ ಮೈಕಲ್ಸ್ ಮೌಂಟ್. ಹಿಂದೆ ಇಲ್ಲಿನ ಮಠವು ಅಲ್ಲಿನ ಮಠಕ್ಕೆ ಅಧೀನವಾಗಿತ್ತು. ಪ್ರವಾಸದ ಕೊನೆಯ ದಿನ ನಾವು ಮರಾಜಿಯನ್ ಊರಿನ ತೀರದಲ್ಲಿ ನಿಂತಿದ್ದೆವು. ಇಳಿತದ ಹೊತ್ತು, ದ್ವೀಪದವರೆಗೆ ಕಲ್ಲುಹಾಸಿನ ದಾರಿಯು ತೆರೆದಿತ್ತು. ಕೋಟೆಯನ್ನು ನೋಡಿ ಹಿಂದಿರುಗಿ, ದಡದ ಗೋಡೆಯ ಮೇಲೆ ಕುಳಿತು, ಪಿಯಾನೋ ತುಣುಕಿನಿಂದ ಮೊದಲುಮಾಡಿ ಈ ರಚನೆಯನ್ನು ಕೇಳಿದೆವು. ತಾಳಗಳು ಒಂದರ ಮೇಲೊಂದು ಏರಿ ಬರುತ್ತಿದ್ದಂತೆ ಎರಡು ಕಡೆಯಿಂದಲೂ ನೀರು ಸರಿದುಬಂದು ದಾರಿಯ ನಡುವಣ ಕಲ್ಲುಗಳನ್ನು ಮುಚ್ಚಿತು. ತಡವಾಗಿ ಹೊರಟವರು ಕೆಲವರು ಪಾದರಕ್ಷೆಗಳನ್ನು ಕೈಯಲ್ಲಿ ಹಿಡಿದು, ಮೊಳಕಾಲುದ್ದದ ನೀರಿನಲ್ಲಿ ನಗುತ್ತ ದಡದ ಕಡೆಗೆ ಬರುತ್ತಿದ್ದರು.