ಸದ್ದಿಲ್ಲದೆ ಬಂದುಹೋದ ಲಕ್ವ

ಹನೂರು ಕಡೆಯಿಂದ ಬರುವ ಬಸ್ಸು ಮಧುವನಹಳ್ಳಿಯಲ್ಲಿ ನಿಲ್ಲುತ್ತದೆ. ಅವ್ವನನ್ನು ಕಿಟಕಿ ಪಕ್ಕ ಕೂರಿಸುತ್ತೀರಿ. ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸಿ, ತಿ.ನರಸೀಪುರ ದಾಟಿ, ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಸಾಲು ಸೇರುವಾಗ ಬಿಸಿಲು ಏರಿರುತ್ತದೆ. ಮರೆವು ಜಾಸ್ತಿಯಾಯಿತೆಂದು ತೆಗೆಸಿದ ತಲೆಯ ಎಂಆರ್‌ಐ ನಿಮ್ಮ ಕೈಯಲ್ಲಿದೆ. ಮಿದುಳಿನಲ್ಲಿ ಹಳೆಯ ಲಕ್ವದ ಗಾಯದ ಕಲೆಗಳಿವೆಯಂತೆ.

"ನಂಗ್ಯಾವಾಗ ಲಕ್ವ ಹೊಡ್ದಿತ್ತು ಬುದ್ದಿ? ಕೈಕಾಲೆಲ್ಲ ನೆಟ್ಗೇ ಅವೆ."

"ಗೊತ್ತಾಗದ ಹಾಗೆ ಹೊಡೆಯೋದೂ ಉಂಟಮ್ಮ. ಎಡಕ್ಕೆ ತಿರುಗಿ ಮಲಗಿ," ಎನ್ನುತ್ತಾರೆ ಹೃದಯದ ಎಕೋ ಸ್ಕ್ಯಾನ್ ಮಾಡುವ ಡಾಕ್ಟರು.

ದೀಪ ಆರುತ್ತದೆ. ತಣ್ಣನೆಯ ಜೆಲ್ ತಾಗಿ ಅವ್ವ ಬೆಚ್ಚುತ್ತಾಳೆ. ಪರದೆಯ ಮೇಲೆ ಬೂದು ಬಣ್ಣದ ಹೃದಯ. ಗುಂಡಿಯೊತ್ತಿದರೆ ಅದರೊಳಗೆ ಕೆಂಪು, ನೀಲಿ. ಎದೆಯ ಮೇಲಿಟ್ಟ ಪ್ರೋಬಿನತ್ತ ಬರುವ ರಕ್ತ ಕೆಂಪು, ದೂರ ಸರಿಯುವುದು ನೀಲಿ. 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ನಕ್ಷತ್ರಗಳ ಬೆಳಕಿಗಾಗಿ ಹೇಳಿದ ತತ್ವವೇ ಈಗ ಅವ್ವನ ಎದೆಯೊಳಗಿನ ಹರಿವನ್ನು ಅಳೆಯುತ್ತಿದೆ. ಸ್ಪೀಕರಿನಿಂದ ಸದ್ದು: ಹುಶ್, ಹುಶ್‌ಹುಶ್, ಒಂದು ತಡೆ, ಮತ್ತೆ ಹುಶ್. ತಾಳ ತಪ್ಪಿದೆ.

ಡಾಕ್ಟರ ಬೆರಳು ಮೈಟ್ರಲ್ ಕವಾಟದ ಮೇಲೆ ನಿಲ್ಲುತ್ತದೆ. ಚಿಕ್ಕಂದಿನ ಗಂಟಲುನೋವಿನ ಹಿಂದೆ ಬಂದ ರುಮ್ಯಾಟಿಕ್ ಜ್ವರ ಅದನ್ನು ಕಿರಿದು ಮಾಡಿದೆ. ಮೇಲಿನ ಎಡ ಕೋಣೆ ಹಿಗ್ಗಿದೆ, ಒಳಗೆ ಬೂದು ಹೊಗೆ ಸುತ್ತುತ್ತಿದೆ. ಹರಿಯುವ ಹೊಳೆಯಲ್ಲೂ ಮಡುವಿನ ನೀರು ನಿಂತಂತೆ, ರಕ್ತ ಅಲ್ಲಿ ನಿಧಾನವಾಗಿದೆ. ನಿಧಾನವಾದ ರಕ್ತ ಹೆಪ್ಪುಗಟ್ಟಬಹುದು. ಅದರ ಚೂರು ಮಿದುಳಿಗೆ ಹೋಗಿ, ಮಾತಿಗೂ ಕೈಕಾಲಿಗೂ ಸಂಬಂಧಿಸದ ಜಾಗದಲ್ಲಿ ಸಿಕ್ಕಿಕೊಂಡರೆ ಮನೆಯವರಿಗೆ ಸುಳಿವೇ ಸಿಗದು. ಆದರೆ ಇಂಥ ಕಲೆಗಳಿದ್ದವರಿಗೆ ಮುಂದೆ ದೊಡ್ಡ ಲಕ್ವ, ಮರೆಗುಳಿತನ ಬರುವ ಅಪಾಯ ಹೆಚ್ಚು.

ಬಿಪಿ, ಸಕ್ಕರೆ ಕಾಯಿಲೆಯಿಂದಲೂ ಮಿದುಳಿನಲ್ಲಿ ಕಲೆ ಬೀಳುತ್ತದೆ. ಕಾರಣ ಯಾವುದೆಂದು ತಿಳಿಯಲು ಹೃದಯವನ್ನೂ ನೋಡಬೇಕು. ಫೋರ್-ಡಿ ಫ್ಲೋ ಎಂಆರ್‌ಐ ಎಂಬ ಹೊಸ ವಿಧಾನ ಇನ್ನೂ ಮುಂದೆ ಹೋಗಿ, ಬಡಿತದ ಒಂದೊಂದು ಹಂತದಲ್ಲೂ ರಕ್ತ ಎಲ್ಲಿ ಸುಳಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಮೂರೂ ದಿಕ್ಕಿನಲ್ಲಿ ತೋರಿಸುತ್ತದೆ. ಅದು ಹೆಚ್ಚಾಗಿ ಸಂಶೋಧನಾ ಕೇಂದ್ರಗಳ ಮಾತು. ಅವ್ವನ ವಿಷಯದಲ್ಲಿ ಎಕೋ ಒಂದೇ ಸಾಕಿತ್ತು.

ಚೀಟಿಯಲ್ಲಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ಬರೆದಿದೆ. ಕವಾಟ ಹೀಗೆ ಕೆಟ್ಟು ನಾಡಿಯ ತಾಳ ತಪ್ಪಿದವರಿಗೆ ಹೊಸ ರಿವರಾಕ್ಸಬಾನ್‌ಗಿಂತ ಈ ಬಗೆಯ ಹಳೆಯ ಮಾತ್ರೆಯೇ ಮೇಲೆಂದು 2022ರ ಇನ್‌ವಿಕ್ಟಸ್ ಅಧ್ಯಯನ ತೋರಿಸಿತು. ರಕ್ತ ಹೆಪ್ಪುಗಟ್ಟುವ ವೇಗ ತಿಳಿಸುವ ರಕ್ತ ಪರೀಕ್ಷೆಯ ಐಎನ್‌ಆರ್ 2ರಿಂದ 3ರ ನಡುವೆ ಇರಬೇಕು.

ನಿಮ್ಮ ಮನೆಯ ಹಿರಿಯರ ಮಣಿಕಟ್ಟು ಹಿಡಿದು ಪೂರ್ತಿ ಒಂದು ನಿಮಿಷ ನಾಡಿ ನೋಡಿ. ತಾಳ ತಪ್ಪಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ಮಾತ್ರೆ ಕೊಟ್ಟಿದ್ದರೆ, ಚೆನ್ನಾಗಿದ್ದೇನೆಂದು ನೀವಾಗಿಯೇ ನಿಲ್ಲಿಸಬೇಡಿ.