ಬೀಳಬಾರದ ಕಡೆ ಬಿದ್ದವರು

ಪ್ರೊಫೆಶನಲ್ ರೆಸ್ಲಿಂಗ್ ಕಲಿಯಲು ಹೋದವನಿಗೆ ಮೊದಲು ಹೇಳಿಕೊಡುವುದು ಹೊಡೆಯುವುದನ್ನಲ್ಲ, ಬೀಳುವುದನ್ನು. ಗದ್ದವನ್ನು ಎದೆಗೆ ಒತ್ತಿಕೊಳ್ಳಬೇಕು, ತಲೆಯ ಹಿಂಭಾಗ ನೆಲಕ್ಕೆ ತಾಗಬಾರದು. ಬೆನ್ನಿನ ಮೇಲ್ಭಾಗ ಇಡಿಯಾಗಿ ಒಮ್ಮೆಲೇ ನೆಲ ಮುಟ್ಟಬೇಕು. ಅದೇ ಹೊತ್ತಿಗೆ ಎರಡೂ ತೋಳು ಚಾಚಿ ಅಂಗೈಯಿಂದ ನೆಲ ಬಡಿಯಬೇಕು, ಉಸಿರನ್ನು ಹೊರಕ್ಕೆ ಬಿಡಬೇಕು. ಅವರ ಮಾತಿನಲ್ಲಿ ಇದು ‘ಬಂಪ್’. ಟೀವಿಯಲ್ಲಿ ನೋಡುವವರಿಗೆ ರಿಂಗಿನ ನೆಲ ಹಾಸಿಗೆಯಂತೆ ಕಾಣಬಹುದು. ಒಳಗಿರುವುದು ಉಕ್ಕಿನ ತೊಲೆ, ಅದರ ಮೇಲೆ ಮರದ ಹಲಗೆ, ಹಲಗೆಯ ಮೇಲೆ ತೆಳ್ಳನೆಯ ಫೋಮ್, ಎಲ್ಲಕ್ಕೂ ಮೇಲೆ ಬಿಗಿದು ಕಟ್ಟಿದ ಕ್ಯಾನ್ವಾಸ್. ಅದರ ಮೇಲೆ ರಾತ್ರಿಗೆ ಹತ್ತಾರು ಸಲ ಬಿದ್ದು, ಮಾರನೆಯ ದಿನ ಇನ್ನೊಂದು ಊರಿನಲ್ಲಿ ಮತ್ತೆ ಬೀಳುವುದು ಅವರ ಕಸುಬು.

ಬೀಳುವುದನ್ನೇ ಇಷ್ಟು ಶ್ರದ್ಧೆಯಿಂದ ಕಲಿತವರು ಎಲ್ಲರ ಕಣ್ಣೆದುರು ಎಡವಿ ಬಿದ್ದಾಗ ಬರುವ ನಗುವಿನಂಥ ನಗು ನನಗೆ ಬೇರೆ ಯಾವ ಆಟದಲ್ಲೂ ಸಿಕ್ಕಿಲ್ಲ. ಈ ನಗುವನ್ನು ನಾನು ತುಂಬ ಪ್ರೀತಿಸುತ್ತೇನೆ. ಬಿದ್ದವನನ್ನು ಅದಕ್ಕಿಂತ ಹೆಚ್ಚು ಪ್ರೀತಿಸುತ್ತೇನೆ.

ಹೀಗೆ ಬಿದ್ದವರ ಪೈಕಿ ಎಲ್ಲರಿಗಿಂತ ಮೇಲೆ ನಿಲ್ಲುವವನು ಫ್ರೆಡ್ ಆಟ್ಮನ್. ಆಜಾನುಬಾಹು, ತೂಕ ನೂರೈವತ್ತು ಕಿಲೊ ದಾಟಿದ್ದು. ಡಬ್ಲ್ಯುಡಬ್ಲ್ಯುಎಫ್‌ನಲ್ಲಿ ಮೊದಲು ಟಗ್‌ಬೋಟ್ ಎಂಬ ಹೆಸರಿನಲ್ಲಿ, ಆಮೇಲೆ ಟೈಫೂನ್ ಎಂಬ ಹೆಸರಿನಲ್ಲಿ ಆಡಿದವನು. 1992ರಲ್ಲಿ ಅರ್ತ್‌ಕ್ವೇಕ್ ಜೊತೆ ಸೇರಿ ಟ್ಯಾಗ್ ಟೀಮ್ ಪಟ್ಟವನ್ನೂ ಗೆದ್ದಿದ್ದ. ಮರುವರ್ಷ ಅವನು ಎದುರಾಳಿ ಕಂಪನಿಯಾದ ಡಬ್ಲ್ಯುಸಿಡಬ್ಲ್ಯು ಸೇರಿದಾಗ ಅವರು ಅವನಿಗೊಂದು ಹೊಸ ಅವತಾರ ಕಟ್ಟಿದರು. ಹೆಸರು ಶಾಕ್‌ಮಾಸ್ಟರ್. ‘ಸ್ಟಾರ್ ವಾರ್ಸ್’ ಸಿನಿಮಾದ ಸೈನಿಕರ ಹೆಲ್ಮೆಟ್ಟೊಂದಕ್ಕೆ ಮೈತುಂಬ ಮಿನುಗು ಹಚ್ಚಿ ಅವನ ತಲೆಗಿಟ್ಟರು. ದನಿಯೂ ಅವನದಲ್ಲ. ಹಳೆಯ ಹುಲಿ ಓಲ್ ಆಂಡರ್ಸನ್ ತೆರೆಮರೆಯಲ್ಲಿ ಮೈಕ್ ಹಿಡಿದು ಗಡಸು ದನಿಯಲ್ಲಿ ಮಾತಾಡಬೇಕು, ಇವನು ಹೆಲ್ಮೆಟ್ಟಿನೊಳಗೆ ನಿಂತು ಕೈ ಆಡಿಸಬೇಕು.

1993ರ ಆಗಸ್ಟ್ 18, ಫ್ಲಾರಿಡಾದ ಡೇಟೋನಾ ಬೀಚ್. ಟೀವಿಯಲ್ಲಿ ನೇರ ಪ್ರಸಾರ. ರಿಕ್ ಫ್ಲೇರ್ ನಡೆಸಿಕೊಡುವ ಮಾತುಕತೆಯ ವೇದಿಕೆ. ಒಂದು ಕಡೆ ಸ್ಟಿಂಗ್ ಮತ್ತು ಡೇವಿ ಬಾಯ್ ಸ್ಮಿತ್, ಇನ್ನೊಂದು ಕಡೆ ಸಿಡ್ ವಿಷಸ್ ಮತ್ತು ಹಾರ್ಲೆಮ್ ಹೀಟ್ ಜೋಡಿ. ನಮ್ಮ ತಂಡಕ್ಕೆ ಬರುತ್ತಿರುವ ಹೊಸಬನನ್ನು ಕಂಡು ಲೋಕವೇ ಬೆಚ್ಚಿಬೀಳುತ್ತದೆ ಎಂದು ಸ್ಟಿಂಗ್ ಕೂಗಿ ಹೇಳಿದ. ಕ್ಯಾಮರಾ ಗೋಡೆಯತ್ತ ತಿರುಗಿತು. ಢಂ ಎಂದು ಸದ್ದು, ಕಿಡಿ, ಹೊಗೆ. ಗೋಡೆಯೇನೋ ಒಡೆಯಿತು. ಆದರೆ ಬುಡದಲ್ಲಿ ಅಡ್ಡಕ್ಕೆ ಹೊಡೆದಿದ್ದ ಮರದ ಪಟ್ಟಿ ಒಡೆಯಲಿಲ್ಲ. ಅವನ ಮೈಯ ಮೇಲ್ಭಾಗ ಗೋಡೆ ದಾಟಿ ಬಂತು, ಕಾಲು ಆಚೆಯೇ ಸಿಕ್ಕಿಕೊಂಡಿತು. ಲೋಕವನ್ನು ನಡುಗಿಸಲು ಬಂದವನು ಮುಖ ಅಡಿಯಾಗಿ ಧೊಪ್ಪೆಂದು ಬಿದ್ದ. ಹೆಲ್ಮೆಟ್ ತಲೆಯಿಂದ ಜಾರಿ ಉರುಳಿಹೋಯಿತು. ಗುಟ್ಟಾಗಿಡಬೇಕಿದ್ದ ಮುಖ ದೇಶಕ್ಕೆಲ್ಲ ಕಂಡಿತು.

ಆ ದೃಶ್ಯವನ್ನು ನೋಡಿದವರೆಲ್ಲ ಬಿದ್ದದ್ದನ್ನು ನೆನೆಯುತ್ತಾರೆ. ನನ್ನ ಕಣ್ಣು ಹೋಗುವುದು ಆಮೇಲಿನ ಒಂದು ನಿಮಿಷದ ಮೇಲೆ. ಆಟ್ಮನ್ ತಡಕಾಡಿ ಹೆಲ್ಮೆಟ್ ಹುಡುಕಿದ, ಮತ್ತೆ ತಲೆಗೆ ಸಿಕ್ಕಿಸಿಕೊಂಡ, ಅದು ಜಾರದಂತೆ ಕೈಯಲ್ಲಿ ಹಿಡಿದುಕೊಂಡೇ ಎದ್ದು ನಿಂತ. ಡೇವಿ ಬಾಯ್ ಸ್ಮಿತ್ ತನ್ನ ಇಂಗ್ಲೆಂಡಿನ ಉಚ್ಚಾರಣೆಯಲ್ಲಿ, ಇವನು ಕುಂಡೆ ಊರಿ ಬಿದ್ದನಲ್ಲ ಎಂದದ್ದು ಮೈಕಿನಲ್ಲಿ ಕೇಳಿಸಿತು. ಅಷ್ಟರಲ್ಲಿ ತೆರೆಮರೆಯಿಂದ ಆಂಡರ್ಸನ್ನನ ಗುಡುಗು ಶುರುವಾಯಿತು. ಆ ದನಿಗೆ ತಕ್ಕಂತೆ ಆಟ್ಮನ್ ಬೆರಳು ತೋರಿಸಿ ಎದುರಾಳಿಗಳನ್ನು ಬೆದರಿಸಿದ. ಸಿಡ್ ಎಂಬ ದೈತ್ಯ ನಗು ನುಂಗಿಕೊಂಡು ಕೋಪದ ಮುಖ ಹೊತ್ತು ನಿಂತ. ಒಬ್ಬರೂ ಬಿಟ್ಟು ಓಡಲಿಲ್ಲ. ಬಟ್ಟೆಯೇ ಕಳಚಿಬಿದ್ದಂಥ ಹೊತ್ತಿನಲ್ಲಿ ಪಾತ್ರವನ್ನು ಕೆಳಗಿಡದೆ ನಿಲ್ಲುವುದಕ್ಕೆ ಎಂಥ ಎದೆ ಬೇಕು! ನಾಟಕದವರಾದರೆ ಪರದೆ ಬೀಳಿಸಬಹುದು. ನೇರ ಪ್ರಸಾರದ ಈ ಗೋಡೆಗೆ ಪರದೆ ಎಲ್ಲಿಂದ ಬರಬೇಕು?

ಮುಂದಿನ ತಿಂಗಳು ಹ್ಯೂಸ್ಟನ್ನಿನಲ್ಲಿ ನಡೆದ ವಾರ್‌ಗೇಮ್ಸ್ ಪಂದ್ಯದಲ್ಲಿ ತನ್ನ ತಂಡವನ್ನು ಗೆಲ್ಲಿಸಿದವನು ಇದೇ ಶಾಕ್‌ಮಾಸ್ಟರ್. ಅದು ಯಾರಿಗೂ ನೆನಪಿಲ್ಲ. ಆಟ್ಮನ್ ಮಾತ್ರ ಆ ಬೀಳುವಿಕೆಯನ್ನು ಬಚ್ಚಿಡಲಿಲ್ಲ. ವಯಸ್ಸಾದ ಮೇಲೂ ಅಭಿಮಾನಿಗಳ ಕೂಟಗಳಿಗೆ ಹೋಗಿ, ಅಂಥದೇ ಹೆಲ್ಮೆಟ್ಟಿನೊಂದಿಗೆ ಫೋಟೊ ತೆಗೆಸಿಕೊಂಡು, ಆ ಕಥೆಯನ್ನು ತಾನೇ ನಗುತ್ತ ಹೇಳಿದವನು.

ನಮ್ಮಲ್ಲಿ 1990ರ ದಶಕದಲ್ಲಿ ಮನೆಮನೆಗೆ ಕೇಬಲ್ ಬಂದಾಗ ಈ ರೆಸ್ಲರುಗಳೆಲ್ಲ ಬಂದರು. ಟೀವಿಗಿಂತ ಹೆಚ್ಚಾಗಿ ಟ್ರಂಪ್ ಕಾರ್ಡುಗಳಲ್ಲಿ ಬಂದರು. ಶಾಲೆಯ ಜಗಲಿಯ ಮೇಲೆ ಎತ್ತರ, ತೂಕ, ಎದೆಯ ಸುತ್ತಳತೆ, ರ‍್ಯಾಂಕು ಎಂದು ಕೂಗಿ ಕಾರ್ಡು ಗೆಲ್ಲುತ್ತಿದ್ದ ಮಕ್ಕಳಿಗೆ ಅಂಡರ್‌ಟೇಕರ್‌ಗೆ ಏಳು ಜೀವ ಇದೆ ಎಂಬುದರಲ್ಲಿ ಸಂಶಯವೇ ಇರಲಿಲ್ಲ. ಗರಡಿಯ ಮಟ್ಟಿಯಲ್ಲಿ ಕುಸ್ತಿ ನೋಡಿ ಬೆಳೆದ ಹಿರಿಯರಿಗೆ ಇದು ಸಹಿಸಲಾಗದ ವಿಷಯ. ಬೆನ್ನು ಮಣ್ಣು ಮುಟ್ಟಿದರೆ ಚಿತ್ತಾದಂತೆ, ಅಲ್ಲಿಗೆ ಕುಸ್ತಿ ಮುಗಿಯಿತು ಎನ್ನುವ ಲೆಕ್ಕ ಅವರದು. ಇಲ್ಲಿ ಬೆನ್ನು ಇಪ್ಪತ್ತು ಸಲ ನೆಲ ಮುಟ್ಟಿದರೂ ಆಟ ಮುಗಿಯದು. “ಅದೆಲ್ಲ ಸುಳ್ಳು ಕಣೋ, ಮೊದಲೇ ಮಾತಾಡ್ಕೊಂಡಿರ್ತಾರೆ” ಎಂದು ಮಾವನೋ ಚಿಕ್ಕಪ್ಪನೋ ಹೇಳದ ಮನೆಯಿಲ್ಲ.

ಮೊದಲೇ ಮಾತಾಡಿಕೊಂಡಿರುತ್ತಾರೆ, ನಿಜ. ಯಾರು ಗೆಲ್ಲಬೇಕೆಂಬುದು ನಿಶ್ಚಯವಾಗಿರುತ್ತದೆ. ಆದರೆ ನೆಲದ ಜೊತೆ ಯಾರೂ ಮಾತಾಡಿಕೊಂಡಿರುವುದಿಲ್ಲ. ಮರದ ಪಟ್ಟಿಗೆ ಕಥೆ ಗೊತ್ತಿಲ್ಲ. ಎಡವಿದ ಒಂದು ಬೀಳುವಿಕೆಯ ಪಕ್ಕದಲ್ಲಿಟ್ಟು ನೋಡಿದಾಗಲೇ ಎಡವದ ಸಾವಿರ ಬೀಳುವಿಕೆಗಳ ಕಸುಬುಗಾರಿಕೆ ನನಗೆ ಕಂಡದ್ದು.

ನೆಲಕ್ಕೆ ಕಥೆ ಗೊತ್ತಿಲ್ಲ ಎಂಬುದಕ್ಕೆ 2005ರ ರಾಯಲ್ ರಂಬಲ್ ಸಾಕ್ಷಿ. ಜನವರಿ 30, ಕ್ಯಾಲಿಫೋರ್ನಿಯಾದ ಫ್ರೆಸ್ನೊ. ಮೂವತ್ತು ಜನರ ಪಂದ್ಯ. ಮೇಲಿನ ಹಗ್ಗ ದಾಟಿ ಎರಡೂ ಪಾದ ಹೊರಗಿನ ನೆಲ ಮುಟ್ಟಿದವನು ಹೊರಗೆ. ಕೊನೆಗೆ ಉಳಿದವರು ಬಟಿಸ್ಟಾ ಮತ್ತು ಜಾನ್ ಸೀನಾ. ಬಟಿಸ್ಟಾ ಗೆಲ್ಲಬೇಕಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡೇ ಹಗ್ಗದಾಚೆ ಉರುಳಿ ಒಂದೇ ಗಳಿಗೆಯಲ್ಲಿ ನೆಲ ಮುಟ್ಟಿಬಿಟ್ಟರು. ರೆಫರಿಗಳಲ್ಲಿ ಕೆಲವರು ಒಬ್ಬನ ಕೈ ಎತ್ತಿದರು, ಕೆಲವರು ಇನ್ನೊಬ್ಬನ ಕೈ ಎತ್ತಿದರು. ಆಗ ಪಂದ್ಯ ನಡೆಸುವ ಕಂಪನಿಯ ಒಡೆಯ ವಿನ್ಸ್ ಮೆಕ್‌ಮಹಾನ್ ಕೆಂಡದಂಥ ಮುಖ ಮಾಡಿಕೊಂಡು, ಕೋಟು ಹಾರಿಸುತ್ತ ಒಳಗಿನಿಂದ ದಾಪುಗಾಲು ಹಾಕಿಕೊಂಡು ಬಂದ. ಆಗ ಅವನಿಗೆ 59 ವರ್ಷ. ರಿಂಗಿನೊಳಕ್ಕೆ ನುಗ್ಗುವ ಭರದಲ್ಲಿ ಎರಡೂ ತೊಡೆಗಳ ಸ್ನಾಯು ಹರಿದುಹೋಯಿತು. ನಿಲ್ಲಲಾಗದೆ ಕ್ಯಾನ್ವಾಸಿನ ಮೇಲೆ ಪುಟ್ಟ ಮಗುವಿನಂತೆ ಕಾಲು ಚಾಚಿ ಕೂತ. ಕೂತಲ್ಲಿಂದಲೇ ಗದರಿದ, ಕೂತಲ್ಲಿಂದಲೇ ಪಂದ್ಯ ಮತ್ತೆ ಶುರುಮಾಡಲು ಅಪ್ಪಣೆ ಕೊಟ್ಟ. ಸುತ್ತ ನಿಂತ ದಾಂಡಿಗರು ಕತ್ತು ಬಗ್ಗಿಸಿ ಕೇಳಿಸಿಕೊಂಡರು. ಬಟಿಸ್ಟಾ ಗೆದ್ದ. ಎಲ್ಲರ ಗೆಲುವು ಸೋಲನ್ನೂ ಬರೆಯುವ ಅಧಿಕಾರ ಇದ್ದವನಿಗೆ ತನ್ನ ತೊಡೆಯ ಮೇಲೆ ಅಧಿಕಾರ ಇರಲಿಲ್ಲ.

ನೆಲಕ್ಕಾದರೂ ಒಂದು ನಿಯಮ ಇದೆ. ಪ್ರಾಣಿಗಳನ್ನು ನಂಬಿ ಪಂದ್ಯ ಕಟ್ಟುವುದು ಅದಕ್ಕಿಂತ ಕಷ್ಟ. 1999ರ ಸೆಪ್ಟೆಂಬರಿನಲ್ಲಿ ಶಾರ್ಲಟ್ ನಗರದಲ್ಲಿ ಆಲ್ ಸ್ನೋ ಮತ್ತು ಬಿಗ್ ಬಾಸ್ ಮ್ಯಾನ್ ನಡುವೆ ಅಂಥದೊಂದು ನಡೆಯಿತು. ಕಥೆ ಘೋರವಾದದ್ದು. ಆಲ್ ಸ್ನೋನ ಮುದ್ದಿನ ನಾಯಿಮರಿಯನ್ನು ಬಾಸ್ ಮ್ಯಾನ್ ಕದ್ದು, ಅಡುಗೆ ಮಾಡಿ ಅವನಿಗೇ ತಿನ್ನಿಸಿದ್ದ. ಸೇಡು ತೀರಿಸಲು ಪಂಜರದೊಳಗೊಂದು ಪಂಜರ. ನಡುವಿನ ಓಣಿಯಲ್ಲಿ ಉಗ್ರವಾದ ಕಾವಲು ನಾಯಿಗಳು. ಹೊರಗೆ ಹೆಜ್ಜೆಯಿಟ್ಟವನನ್ನು ಹರಿದು ಹಾಕಬೇಕು ಎಂಬುದು ಲೆಕ್ಕ. ನಾಯಿಗಳು ಹೆಜ್ಜೆಯಿಟ್ಟವರನ್ನು ತಿರುಗಿಯೂ ನೋಡಲಿಲ್ಲ. ಅಲ್ಲಲ್ಲಿ ಮೂತ್ರ ಮಾಡಿದವು. ಒಂದನ್ನೊಂದು ಮೂಸಿದವು, ಸಂಸಾರಕ್ಕೂ ಇಳಿದವು. ಒಳಗೆ ಇಬ್ಬರು ಗಂಡಸರು ಬೆವರು ಸುರಿಸಿ ಗುದ್ದಾಡುತ್ತಿದ್ದರೆ ಹೊರಗೆ ಇಷ್ಟು ಸಮಾಧಾನದ ಬಾಳು ನಡೆಯುತ್ತಿತ್ತು. ನನಗೆ ಆ ನಾಯಿಗಳ ಮೇಲೆ ಗೌರವವಿದೆ. ಕೊನೆತನಕ ಹೊಡೆದಾಡಿ ಪಂದ್ಯ ಮುಗಿಸಿದ ಆ ಇಬ್ಬರ ಮೇಲೂ ಇದೆ.

ಇನ್ನು ಡಬ್ಲ್ಯುಸಿಡಬ್ಲ್ಯು 1995ರಲ್ಲಿ ನಮ್ಮ ಹಿಮಾಲಯದ ಯೇತಿಯನ್ನೂ ಬಿಡಲಿಲ್ಲ. ಮಂಜುಗಡ್ಡೆಯಿಂದ ಎದ್ದುಬಂದ ಆ ಹಿಮಮಾನವನಿಗೆ ರೋಮದ ಬದಲು ಈಜಿಪ್ಟಿನ ಮಮ್ಮಿಯಂತೆ ಮೈತುಂಬ ಬಿಳಿ ಪಟ್ಟಿ ಸುತ್ತಿದ್ದರು. ಅದೇ ವರ್ಷ ಡೆಟ್ರಾಯಿಟ್‌ನಲ್ಲಿ, ಕಥೆಯ ಪ್ರಕಾರ ಕಟ್ಟಡದ ಮಾಡಿನಿಂದ ಕೆಳಗೆ ಬಿದ್ದ ‘ಜೈಂಟ್’ ಎಂಬ ರೆಸ್ಲರ್ ಸ್ವಲ್ಪ ಹೊತ್ತಿನಲ್ಲೇ ಮೈಮೇಲೆ ಒಂದು ಗೀರೂ ಇಲ್ಲದೆ ಹಲ್ಕ್ ಹೋಗನ್ ಎದುರು ಆಡಲು ನಡೆದುಬಂದ. ಇದನ್ನು ಬರೆದು ಕೂಡಿಸಿದವರಿಗೆ ನಗಿಸುವ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ಆದರೂ ಇಂಥದ್ದು ನನಗೆ ಎರಡನೆಯ ದರ್ಜೆಯ ನಗು. ಕಥೆ ಕಟ್ಟುವವರು ಕೋಣೆಯಲ್ಲಿ ಕೂತು ಮಾಡಿದ ಎಡವಟ್ಟಿನಲ್ಲಿ ಮೈಯ ಪಾಲು ಇಲ್ಲ.

ಮೈಯ ಪಾಲು ಇದ್ದಾಗ ಹೆದರಿಕೆಯೂ ಇರುತ್ತದೆ. 1999ರ ಮೇ 23ರಂದು ಕಾನ್ಸಾಸ್ ಸಿಟಿಯಲ್ಲಿ ಓವನ್ ಹಾರ್ಟ್ ಅಂಗಣದ ಮಾಡಿನಿಂದ ರಿಂಗಿಗೆ ಬಿದ್ದು ತೀರಿಕೊಂಡ. ಅವತ್ತು ಅವನ ಪಾತ್ರ ಬ್ಲೂ ಬ್ಲೇಜರ್ ಎಂಬ ನಗೆಪಾಟಲಿನ ಸೂಪರ್ ಹೀರೊ. ಹಗ್ಗದಲ್ಲಿ ಇಳಿದು ಬರಬೇಕು, ನೆಲ ಹತ್ತಿರವಾದಾಗ ಹಗ್ಗಕ್ಕೆ ಸಿಕ್ಕಿಕೊಂಡವನಂತೆ ಒದ್ದಾಡಬೇಕು, ಕೊಂಡಿ ಬಿಚ್ಚಿ ಮುಗ್ಗರಿಸಿ ಬಿದ್ದು ಜನರನ್ನು ನಗಿಸಬೇಕು. ಆ ಕೊಂಡಿ ಮೇಲೆಯೇ, ಸುಮಾರು 24 ಮೀಟರ್ ಎತ್ತರದಲ್ಲೇ ಬಿಚ್ಚಿಕೊಂಡಿತು. ಆ ಸಂಜೆಯ ಬಗ್ಗೆ ತಿಳಿದ ಮೇಲೆ ರೆಸ್ಲರ್ ಎಡವಿ ಬಿದ್ದಾಗ ನಾನು ಮೊದಲು ನೋಡುವುದು ಅವನ ಕೈಬೆರಳನ್ನು. ಬೆರಳು ಆಡಿತೆ, ಮೊಣಕಾಲು ಮಡಿಚಿತೆ ಎಂದು ನೋಡಿ, ಎದ್ದ ಮೇಲೆಯೇ ಬಾಯಿ ತೆರೆದು ನಗುತ್ತೇನೆ.

ಟೈಟಸ್ ಓ’ನೀಲ್ ಬಿದ್ದಾಗ ಹಾಗೆ ಕಾಯಬೇಕಾಗಲಿಲ್ಲ, ಅಷ್ಟು ಬೇಗ ಎದ್ದ. 2018ರ ಏಪ್ರಿಲ್ 27, ಸೌದಿ ಅರೇಬಿಯಾದ ಜೆಡ್ಡಾ, ಐವತ್ತು ಜನರ ಮಹಾ ರಂಬಲ್. 39ನೆಯವನಾಗಿ ಅವನು ರಿಂಗಿನತ್ತ ವೀರಾವೇಶದಿಂದ ಓಡಿಬಂದ. ರಿಂಗ್ ಇನ್ನೇನು ಸಿಕ್ಕಿತು ಎನ್ನುವಲ್ಲಿ ಕಾಲು ತೊಡರಿ ಮುಗ್ಗರಿಸಿದವನು ಹೊಟ್ಟೆಯ ಮೇಲೆ ಜಾರಿ, ರಿಂಗಿನ ಸುತ್ತ ಇಳಿಬಿಟ್ಟಿದ್ದ ಬಟ್ಟೆಯಡಿ ನುಗ್ಗಿ ಹೋದ. ಹೊರಗೆ ಕಾಣುತ್ತಿದ್ದದ್ದು ಎರಡು ಕಾಲು ಮಾತ್ರ. ವೀಕ್ಷಕ ವಿವರಣೆಗಾರರು ಮಾತು ಬಿಟ್ಟು ಬಿದ್ದು ಬಿದ್ದು ನಕ್ಕರು. ಪಂದ್ಯದ ನಡುವೆಯೇ ಆ ದೃಶ್ಯವನ್ನು ಮತ್ತೆ ಮತ್ತೆ ತೋರಿಸಿದರು. ಕಂಪನಿ ಅದರ ಮೇಲೆ ಟಿ–ಶರ್ಟನ್ನೂ ಮಾರಿತು. ಟೈಟಸ್ ಮುನಿಸಿಕೊಳ್ಳಲಿಲ್ಲ. ಆ ನಗುವನ್ನು ಎಲ್ಲರಿಗಿಂತ ಮೊದಲು ತಾನೇ ಕೈಗೆತ್ತಿಕೊಂಡ. ಸಮಾಜಸೇವೆಗಾಗಿ ಅವನಿಗೆ ವಾರಿಯರ್ ಪ್ರಶಸ್ತಿ ಬಂತು, 2021ರಲ್ಲಿ ಟ್ಯಾಂಪಾದ ರೆಸಲ್‌ಮೇನಿಯಾವನ್ನು ಹಲ್ಕ್ ಹೋಗನ್ ಜೊತೆ ನಿಂತು ಅವನೇ ನಡೆಸಿಕೊಟ್ಟ.

ಅದೇ 2021ರ ಮಾರ್ಚ್ 7ರ ರಾತ್ರಿಗೆ ನಾನು ಮತ್ತೆ ಮತ್ತೆ ಹೋಗುತ್ತೇನೆ. ಮುಳ್ಳುತಂತಿಗೆ ಸಿಡಿಮದ್ದು ಕಟ್ಟಿ ಆಡುವ ಪಂದ್ಯ ಜಪಾನಿನಲ್ಲಿ 1990ರಲ್ಲೇ ಅತ್ಸುಶಿ ಒನಿಟಾ ತಂದದ್ದು. ಅದನ್ನು ಎಇಡಬ್ಲ್ಯು ಕಂಪನಿ ಜಾಕ್ಸನ್‌ವಿಲ್‌ನಲ್ಲಿ ನಡೆಸಿತು. ಕೆನ್ನಿ ಒಮೆಗಾ ಖಳ, ಜಾನ್ ಮಾಕ್ಸ್‌ಲಿ ನಾಯಕ. ಮೂವತ್ತು ನಿಮಿಷಕ್ಕೆ ರಿಂಗೇ ಸ್ಫೋಟಿಸುತ್ತದೆ ಎಂದು ಸಾರಿದ್ದರು. ಒಮೆಗಾ ಗೆದ್ದು ಹೋದ, ಮಾಕ್ಸ್‌ಲಿ ಪ್ರಜ್ಞೆಯಿಲ್ಲದೆ ರಿಂಗಿನಲ್ಲಿ ಬಿದ್ದಿದ್ದಾನೆ, ಗಡಿಯಾರ ಇಳಿಯುತ್ತಿದೆ. ಹಳೆಯ ಗೆಳೆಯ ಎಡ್ಡಿ ಕಿಂಗ್‌ಸ್ಟನ್ ಹಗೆ ಮರೆತು ಓಡಿಬಂದ. ಎಳೆದ, ಎಬ್ಬಿಸಲು ನೋಡಿದ, ಆಗದಾಗ ಅವನ ಮೇಲೆ ಮಲಗಿ ತನ್ನ ಮೈಯನ್ನೇ ಗುರಾಣಿ ಮಾಡಿದ. ಎಣಿಕೆ ಸೊನ್ನೆಗೆ ಬಂತು. ರಿಂಗಿನ ಮೂಲೆಗಳಲ್ಲಿ ಮಕ್ಕಳ ಸುರುಸುರುಬತ್ತಿಯಷ್ಟು ಕಿಡಿ ಚಿಮ್ಮಿ, ಒಂದಿಷ್ಟು ಹೊಗೆ ಎದ್ದು ಆರಿಹೋಯಿತು. ಜನ ಕೂಗಿ ಗದ್ದಲ ಎಬ್ಬಿಸಿದರು.

ಕಿಂಗ್‌ಸ್ಟನ್ ಅಲ್ಲಾಡಲಿಲ್ಲ. ನಿಜವಾದ ಸ್ಫೋಟಕ್ಕೆ ಸಿಕ್ಕವನಂತೆ ಗೆಳೆಯನ ಮೇಲೆ ಹಾಗೆಯೇ ಬಿದ್ದಿದ್ದ. ಪ್ರಸಾರ ನಿಂತ ಮೇಲೆ ಮಾಕ್ಸ್‌ಲಿ ಮೈಕ್ ಎತ್ತಿಕೊಂಡು, ಒಮೆಗಾ ಗಟ್ಟಿ ಆಸಾಮಿ ಇರಬಹುದು, ನೆಟ್ಟಗೆ ಸಿಡಿಯುವ ರಿಂಗ್ ಕಟ್ಟಲು ಮಾತ್ರ ಬರುವುದಿಲ್ಲ ಎಂಬರ್ಥದ ಮಾತಾಡಿ, ಮದ್ದಿನವರ ತಪ್ಪನ್ನು ಕಥೆಯ ಖಳನ ಹೆಗಲಿಗೆ ಹೊರಿಸಿದ. ಅದೇ ವಾರ ಕಿಂಗ್‌ಸ್ಟನ್ ಟೀವಿಗೆ ಬಂದು, ಆ ಎಣಿಕೆಯ ಹೊತ್ತಿನಲ್ಲಿ ತನ್ನನ್ನು ಆತಂಕ ಮೆಟ್ಟಿಕೊಂಡಿತು, ಹಾಗಾಗಿ ಪ್ರಜ್ಞೆ ತಪ್ಪಿತು ಎಂದ. ತನ್ನ ಖಿನ್ನತೆಯ ಬಗ್ಗೆ, ಆತಂಕದ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತಾಡಿದ ಮನುಷ್ಯ ಅವನು. ಹುಸಿ ಹೋದ ಪಟಾಕಿಗೆ ಅವನು ತನ್ನ ಬದುಕಿನೊಳಗಿನ ನಿಜವಾದ ನೋವೊಂದನ್ನು ಕಾರಣವಾಗಿ ಕೊಟ್ಟ, ಜನ ಅದನ್ನು ಒಪ್ಪಿಕೊಂಡು ಕೇಳಿದರು.